ಪ್ಯಾಕೆಟ್ ರೇಡಿಯೊ ಕಾರ್ಡು ಮೌನವಾಗಿದ್ದರೆ: ಸ್ಲಾಟಿನಿಂದ ಶುರುಮಾಡಿ ದೋಷ ಹುಡುಕುವ ಕ್ರಮ

ರೇಡಿಯೊ ಅಲೆಯ ಮೇಲೆ ಬರಹವನ್ನು ತುಂಡುತುಂಡಾಗಿ ಕಳಿಸುವ ವಿಧಾನವೇ ಪ್ಯಾಕೆಟ್ ರೇಡಿಯೊ. ಅದರ ಅಡಾಪ್ಟರ್ ಬೋರ್ಡನ್ನು ಕಂಪ್ಯೂಟರಿಗೆ ಹಾಕಿ, ಡ್ರೈವರ್ ಏರಿಸಿ, ರೇಡಿಯೊ ಜೋಡಿಸಿದ ಮೇಲೂ ಪರದೆಯ ಮೇಲೆ ಒಂದು ಸಾಲೂ ಮೂಡದಿದ್ದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಮಹಡಿ ಹತ್ತುತ್ತಾರೆ. ಆಂಟೆನಾ ಬಿಚ್ಚುತ್ತಾರೆ, ಕೇಬಲ್ ಬದಲಿಸುತ್ತಾರೆ. ಬಳ್ಳಾರಿಯ ಏಪ್ರಿಲ್–ಮೇ ಬಿಸಿಲಿನಲ್ಲಿ ಇಷ್ಟೆಲ್ಲ ಮಾಡಿ ಕೆಳಗಿಳಿದರೂ ಪರದೆ ಹಾಗೇ ಖಾಲಿ ಇರುತ್ತದೆ. ದೋಷ ಹುಡುಕುವ ದಿಕ್ಕು ಇದಕ್ಕೆ ಉಲ್ಟಾ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಸ್ಲಾಟು, ಆಮೇಲೆ ಇಂಟರಪ್ಟ್ (ಕಾರ್ಡು ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ), ಆಮೇಲೆ ಗಡಿಯಾರ (ಬಿಟ್ಟುಗಳಿಗೆ ತಾಳ ಹಾಕುವ ಮಿಡಿತ), ಆಮೇಲೆ ಮೋಡೆಮ್ (ಬಿಟ್ಟುಗಳನ್ನು ಧ್ವನಿಯಾಗಿ, ಧ್ವನಿಯನ್ನು ಬಿಟ್ಟುಗಳಾಗಿ ಮಾಡುವ ಭಾಗ). ರೇಡಿಯೊ ಮತ್ತು ಆಂಟೆನಾ ಕಟ್ಟಕಡೆಗೆ. ಒಂದು ಮೆಟ್ಟಿಲು ಖಾತ್ರಿಯಾಗದೆ ಮುಂದಿನದಕ್ಕೆ ಕಾಲಿಡಬಾರದು.

ಇಲ್ಲಿ ಹೇಳುತ್ತಿರುವುದು ಝೈಲಾಗ್ ಕಂಪನಿಯ 8530 ಚಿಪ್ ಇರುವ ಐಎಸ್ಎ (ಹಳೆಯ ಪಿಸಿಗಳ ವಿಸ್ತರಣಾ ಸ್ಲಾಟು) ಕಾರ್ಡುಗಳ ವಿಷಯ. ಬೇಕಾಮ್ ಯುಎಸ್‌ಸಿಸಿ, ಕೆನಡಾದ ಒಟ್ಟಾವಾ ರೇಡಿಯೊ ಹವ್ಯಾಸಿಗಳು ರೂಪಿಸಿದ ಪಿಐ ಮತ್ತು ಪಿಐ2, ಗ್ರಾಸಿಲಿಸ್ ಪ್ಯಾಕೆಟ್ವಿನ್, ಎಸ್5ಎಸ್‌ಸಿಸಿ ಎಲ್ಲವೂ ಈ ಕುಲದವು. ಒಂದು ಚಿಪ್ಪಿನಲ್ಲಿ ಎ ಮತ್ತು ಬಿ ಎಂಬ ಎರಡು ಚಾನೆಲ್. ಪ್ಯಾಕೆಟ್ ರೇಡಿಯೊದ ನಿಯಮಾವಳಿಯಾದ ಎಎಕ್ಸ್.25ರ ಫ್ರೇಮಿಗೆ (ಸಂದೇಶದ ಒಂದು ತುಂಡಿಗೆ) ಬೇಕಾದ ಆರಂಭ–ಅಂತ್ಯದ ಗುರುತಾದ ಫ್ಲ್ಯಾಗು, ಬಿಟ್ ಸ್ಟಫಿಂಗ್ (ಡೇಟಾ ಫ್ಲ್ಯಾಗಿನಂತೆ ಕಾಣದಿರಲು ಬಿಟ್ ಸೇರಿಸುವುದು), 16 ಬಿಟ್ಟಿನ ಸಿಆರ್‌ಸಿ ಪರೀಕ್ಷೆ (ತಪ್ಪು ಪತ್ತೆ), ಇವನ್ನೆಲ್ಲ ಚಿಪ್ಪೇ ಮಾಡಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಇವಕ್ಕೆ ಎರಡು ಡ್ರೈವರುಗಳಿವೆ: ಸಾಮಾನ್ಯ ಕಾರ್ಡುಗಳಿಗೆ ಎಸ್‌ಸಿಸಿ, ಡಿಎಂಎ (ಪ್ರೊಸೆಸರಿಗೆ ಕಾಯದೆ ನೇರ ಮೆಮೊರಿಗೆ ಡೇಟಾ ದಾಟಿಸುವ ವ್ಯವಸ್ಥೆ) ಇರುವ ವೇಗದ ಕಾರ್ಡುಗಳಿಗೆ ಡಿಎಂಎಎಸ್‌ಸಿಸಿ. ನಿಮ್ಮ ಕಂಪ್ಯೂಟರಿನಲ್ಲಿ ಐಎಸ್ಎ ಸ್ಲಾಟೇ ಇಲ್ಲವೆಂದರೆ ಈ ಕಾರ್ಡಿನ ಹಿಂದೆ ಬೀಳಬೇಡಿ. ಸೌಂಡ್ ಕಾರ್ಡ್ ಮತ್ತು ಅದನ್ನೇ ಮೋಡೆಮ್ ಮಾಡಿಕೊಳ್ಳುವ ಡೈರ್‌ವುಲ್ಫ್ ತಂತ್ರಾಂಶ ಸಾಕು. ಆ ಡೈರ್‌ವುಲ್ಫ್ ಕಾರ್ಡು ಇರುವವರಿಗೂ ಮುಂದೆ ಕೆಲಸಕ್ಕೆ ಬರುತ್ತದೆ.

ಇಷ್ಟು ಹಳೆಯ ಕಾರ್ಡಿಗೆ ಇಷ್ಟೊಂದು ಕಷ್ಟ ಯಾಕೆ ಎಂದು ಕೆಲವರು ಕೇಳುತ್ತಾರೆ. 2009ರ ಅಕ್ಟೋಬರಿನಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಕಂಡವರು ನಾವು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾದಾಗ ಕೆಳಗಿನ ಊರುಗಳು ನಿದ್ದೆಗೆಟ್ಟು ಕಾದದ್ದನ್ನೂ ಕಂಡಿದ್ದೇವೆ. ಮೊಬೈಲ್ ಟವರಿನ ಹಂಗಿಲ್ಲದೆ, ಬ್ಯಾಟರಿಯ ಮೇಲೆ, ಊರಿಂದ ಊರಿಗೆ ಬರಹದ ಸಂದೇಶ ದಾಟಿಸುವ ದಾರಿ ಸಿದ್ಧವಾಗಿರಬೇಕು. ಸಿದ್ಧ ಅಂದರೆ ಕೆಲಸ ಮಾಡುವ ಸ್ಥಿತಿಯಲ್ಲಿ ಇರಬೇಕು.

ಸ್ಲಾಟು ಮತ್ತು ಕರೆಂಟು

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾರ್ಡು ಹೊರತೆಗೆಯಿರಿ. ಅಂಚಿನ ಬಂಗಾರದ ಬಣ್ಣದ ಪಟ್ಟಿಗಳನ್ನು ನೋಡಿ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಗಂಗಾವತಿ–ಸಿಂಧನೂರು ರೈಸ್‌ಮಿಲ್ಲುಗಳ ಹೊಟ್ಟಿನ ಪುಡಿ, ಎರಡೂ ಕ್ಯಾಬಿನೆಟ್ಟಿನೊಳಗೆ ಸೇರುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ. ಸ್ಲಾಟಿನೊಳಗಿನ ಧೂಳನ್ನೂ ಬ್ರಷ್‌ನಿಂದ ತೆಗೆಯಬೇಕು. ಬಾಯಿಂದ ಊದಬೇಡಿ, ಎಂಜಲು ಬೀಳುತ್ತದೆ. ಹಿಂಬದಿಯ ಸ್ಕ್ರೂ ಬಿಗಿ ಮಾಡಿದಾಗ ಕಾರ್ಡಿನ ಇನ್ನೊಂದು ತುದಿ ಮೇಲೆದ್ದಿತೇ ಎಂದು ಬೆರಳಿಟ್ಟು ನೋಡಿ. ಹಳೆಯ ಕ್ಯಾಬಿನೆಟ್ಟುಗಳು ಸೊಟ್ಟಗಿರುತ್ತವೆ, ಇದು ಬಹಳ ಸಲ ಆಗುವ ಸಂಗತಿ.

ಮಲ್ಟಿಮೀಟರಿನಲ್ಲಿ 5 ವೋಲ್ಟ್ ಮಾತ್ರ ಅಳೆದು ಬಿಡಬೇಡಿ. ಕೆಲವು ಬೋರ್ಡುಗಳ ಲೈನ್ ಡ್ರೈವರಿಗೂ ಮೋಡೆಮ್ ಭಾಗಕ್ಕೂ ಮೈನಸ್ 12 ವೋಲ್ಟ್ ಬೇಕು. ಅದು ಸತ್ತಿದ್ದರೂ ಕಂಪ್ಯೂಟರ್ ಆರಾಮವಾಗಿ ಬೂಟ್ ಆಗುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು, ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ. ಇದನ್ನು ನಾನು ಕಡ್ಡಾಯವಾಗಿ ನೋಡುತ್ತೇನೆ. "ನಿನ್ನೆ ನಡೀತಿತ್ತು, ಇವತ್ತು ಕರೆಂಟ್ ಹೋಗಿ ಬಂದ ಮ್ಯಾಲ ಬಂದ್ ಆತು" ಎಂಬ ದೂರಿನ ಹಿಂದೆ ಕಾರ್ಡು ಇರುವುದು ಅಪರೂಪ. ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ವಿದ್ಯುತ್ ಹೋದಾಗಲೂ ಬಯೋಸ್ (ಯಂತ್ರ ಎಬ್ಬಿಸುವ ಮೂಲ ತಂತ್ರಾಂಶ) ತನ್ನ ಸೆಟ್ಟಿಂಗ್ ಮರೆತು ಮೊದಲಿನ ಸ್ಥಿತಿಗೆ ಹೋಗುತ್ತದೆ. ನೀವು ಕಾರ್ಡಿಗೆಂದು ಕಾಯ್ದಿರಿಸಿದ್ದ, ಇಂಟರಪ್ಟ್ ಸಾಲಿನ ಸಂಖ್ಯೆಯಾದ ಐಆರ್‌ಕ್ಯು ಬೇರೆ ಯಾವುದಕ್ಕೋ ಹೋಗಿರುತ್ತದೆ. ಹೊಸ ಸಿಆರ್ 2032 ಬಿಲ್ಲೆ ಹಾಕಿ, ಬಯೋಸ್ ಮತ್ತೆ ಹೊಂದಿಸಿ.

ವಿಳಾಸ, ಐಆರ್‌ಕ್ಯು, ಡಿಎಂಎ

ಅತಿ ಹೆಚ್ಚು ದೋಷ ಸಿಗುವ ಜಾಗ ಇದೇ. ಇಂಥ ಐಎಸ್ಎ ಕಾರ್ಡಿಗೆ ಪ್ಲಗ್ ಆಂಡ್ ಪ್ಲೇ, ಅಂದರೆ ವಿಳಾಸ ತಾನಾಗಿ ಹೊಂದಿಸಿಕೊಳ್ಳುವುದು, ಎಂಬುದಿಲ್ಲ. ಜಂಪರಿನಲ್ಲಿ (ಕಾರ್ಡಿನ ಪಿನ್ನುಗಳನ್ನು ಜೋಡಿಸುವ ಪುಟ್ಟ ತುಣುಕು) ನೀವು ಕೊಟ್ಟ ವಿಳಾಸವೇ ಅದರ ವಿಳಾಸ. ಅದೇ ವಿಳಾಸದಲ್ಲಿ ಬೇರೆ ಕಾರ್ಡು ಕೂತಿದ್ದರೆ ಕಂಪ್ಯೂಟರ್ ನಿಮಗೆ ಹೇಳುವುದೂ ಇಲ್ಲ, ಎರಡೂ ಕಾರ್ಡು ಒಟ್ಟಿಗೆ ಉತ್ತರ ಕೊಟ್ಟು ಡೇಟಾ ಹಾಳಾಗುತ್ತದೆ.

ಎಸ್‌ಸಿಸಿ ಡ್ರೈವರಿನ ಜೊತೆ ಬರುವ ದಾಖಲೆಯಲ್ಲಿ ಬೇಕಾಮ್ ಕಾರ್ಡಿಗೆ ಕೊಟ್ಟಿರುವ ಮಾದರಿ ಹೀಗಿದೆ: ಎ ಚಾನೆಲ್ಲಿನ ಡೇಟಾ ಹೆಕ್ಸ್ (16ರ ಮೂಲದ ಅಂಕಿ) 300, ಕಂಟ್ರೋಲ್ 304, ಬಿ ಚಾನೆಲ್ಲಿನ ಡೇಟಾ 301, ಕಂಟ್ರೋಲ್ 305, ಐಆರ್‌ಕ್ಯು 5. ಎಲ್ಲರೂ ಇದನ್ನೇ ಹಾಗೇ ನಕಲು ಮಾಡಿಕೊಳ್ಳುತ್ತಾರೆ. ಎನ್ಇ2000 ಮಾದರಿಯ ಹಳೆಯ ಲ್ಯಾನ್ ಕಾರ್ಡುಗಳು ಬಹುಮಟ್ಟಿಗೆ ಕೂರುವುದೂ ಹೆಕ್ಸ್ 300ರಲ್ಲೇ. ಸೌಂಡ್ ಬ್ಲಾಸ್ಟರ್ ಮಾದರಿಯ ಕಾರ್ಡು ಕೇಳುವುದೂ ಐಆರ್‌ಕ್ಯು 5ನ್ನೇ. ಹೀಗಾಗಿ ಗುಜರಿಯಿಂದ ತಂದ ಪೆಂಟಿಯಂ ಯಂತ್ರದಲ್ಲಿ, ಲ್ಯಾನ್ ಮತ್ತು ಸೌಂಡ್ ಕಾರ್ಡು ಎರಡೂ ಇದ್ದರೆ, ದಾಖಲೆಯ ಮಾದರಿ ಎರಡು ಕಡೆಯಿಂದ ಏಟು ತಿನ್ನುತ್ತದೆ.

ಕೊಪ್ಪಳದ ಗೆಳೆಯರೊಬ್ಬರ ಯಂತ್ರದಲ್ಲಿ ಆದದ್ದು ಇದೇ. ಫೋನಿನಲ್ಲಿ, "ಅಣ್ಣಾರ, ಕಾರ್ಡ್ ಸುಟ್ಟೈತಿ ಅನಸ್ತೈತ್ರಿ. ಒಮ್ಮೊಮ್ಮೆ ಕಾಣತೈತಿ, ಒಮ್ಮೊಮ್ಮೆ ಇಲ್ಲ" ಅಂದರು.

"ಸುಟ್ಟದ್ದು ಆಮ್ಯಾಲ ನೋಡೂಣ್ರಿ. ಮೊದ್ಲ ಲ್ಯಾನ್ ಕಾರ್ಡ್ ತಗದು ಬೂಟ್ ಮಾಡ್ರಿ" ಅಂದೆ.

ಲ್ಯಾನ್ ಕಾರ್ಡು ಹೊರಬಂದ ಕೂಡಲೇ 8530 ಪ್ರತಿ ಸಲವೂ ಸಿಗತೊಡಗಿತು. ಒಮ್ಮೊಮ್ಮೆ ಕಾಣುವುದು, ಒಮ್ಮೊಮ್ಮೆ ಕಾಣದಿರುವುದು ಸುಟ್ಟ ಚಿಪ್ಪಿನ ಲಕ್ಷಣ ಅಲ್ಲ. ಮೊದಲು ವಿಳಾಸದ ಜಗಳವನ್ನೋ ಸಡಿಲ ಕಾರ್ಡನ್ನೋ ಅನುಮಾನಿಸಿ.

ಆದ್ದರಿಂದ ಮೊದಲ ದಿನ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡು, ಡಿಸ್ಕು, ಪ್ಯಾಕೆಟ್ ಕಾರ್ಡು ಬಿಟ್ಟು ಬೇರೆ ಏನೂ ಇರದಿರಲಿ. ಲಿನಕ್ಸಿನ ಪ್ರಾಕ್ ಡೈರೆಕ್ಟರಿಯಲ್ಲಿ ಐಒಪೋರ್ಟ್ಸ್, ಇಂಟರಪ್ಟ್ಸ್, ಡಿಎಂಎ ಎಂಬ ಮೂರು ಫೈಲುಗಳಿವೆ. ಡ್ರೈವರ್ ಏರಿಸುವ ಮುಂಚೆ ಮೂರನ್ನೂ ಓದಿ, ಖಾಲಿ ಇರುವುದು ಯಾವುದೆಂದು ಬರೆದುಕೊಳ್ಳಿ. ನೆನಪಿಡಬೇಕಾದ ಹಳೆಯ ವಾಸಿಗಳು ಇವು: ಕಾಮ್1 ಹೆಕ್ಸ್ 3ಎಫ್8 ಮತ್ತು ಐಆರ್‌ಕ್ಯು 4, ಕಾಮ್2 ಹೆಕ್ಸ್ 2ಎಫ್8 ಮತ್ತು ಐಆರ್‌ಕ್ಯು 3, ಪ್ರಿಂಟರ್ ಪೋರ್ಟ್ ಹೆಕ್ಸ್ 378 ಮತ್ತು ಐಆರ್‌ಕ್ಯು 7. ಫ್ಲಾಪಿ ಐಆರ್‌ಕ್ಯು 6, ಡಿಎಂಎ 2. ಕಾಮ್2 ಉಪಯೋಗಿಸುತ್ತಿಲ್ಲವೆಂದರೆ ಬಯೋಸಿನಲ್ಲಿ ಅದನ್ನು ಮುಚ್ಚಿ ಐಆರ್‌ಕ್ಯು 3 ತೆಗೆದುಕೊಳ್ಳುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ.

ಐಎಸ್ಎಗಿಂತ ಹೊಸದಾದ ಪಿಸಿಐ ಸ್ಲಾಟೂ ಇರುವ ಯಂತ್ರದಲ್ಲಿ ಇನ್ನೊಂದು ಕೆಲಸ ಬಾಕಿ. ಬಯೋಸಿನ ಪಿಸಿಐ ಪುಟಕ್ಕೆ ಹೋಗಿ, ನೀವು ಆರಿಸಿದ ಐಆರ್‌ಕ್ಯುವನ್ನು 'ಲೆಗಸಿ ಐಎಸ್ಎ' ಎಂದು ಗುರುತು ಹಾಕಿ. ಹಾಕದಿದ್ದರೆ ಬಯೋಸ್ ಅದನ್ನು ಯಾವುದೋ ಪಿಸಿಐ ಕಾರ್ಡಿಗೆ ಹಂಚಿಬಿಡುತ್ತದೆ. ಪಿಸಿಐ ಕಾರ್ಡುಗಳು ತಮ್ಮತಮ್ಮಲ್ಲಿ ಒಂದೇ ಐಆರ್‌ಕ್ಯು ಹಂಚಿಕೊಳ್ಳಬಲ್ಲವು. ಐಎಸ್ಎ ಇಂಟರಪ್ಟು ಅಂಚಿನಲ್ಲಿ ಪ್ರಚೋದನೆಗೊಳ್ಳುವ ಜಾತಿ, ಅದಕ್ಕೆ ಆ ಹಂಚಿಕೆ ಒಗ್ಗುವುದಿಲ್ಲ.

ಡಿಎಂಎಎಸ್‌ಸಿಸಿ ಡ್ರೈವರ್ ಬಳಸುವವರು ಎರಡು ಮಾತು ಗಮನಿಸಬೇಕು. ವಿಳಾಸ ಹೇಳದೆ ಏರಿಸಿದರೆ ಅದು ಸಾಧ್ಯವಿರುವ ಎಲ್ಲ ವಿಳಾಸಗಳನ್ನೂ ತಡಕುತ್ತದೆ, ಆ ತಡಕಾಟದಲ್ಲಿ ಬೇರೆ ಕಾರ್ಡು ಕಂಗೆಡಬಹುದು. ಐಒ ಎಂಬ ಪ್ಯಾರಾಮೀಟರಿನಲ್ಲಿ ಕಾರ್ಡಿನ ವಿಳಾಸವನ್ನು ನೀವೇ ಕೊಡಿ. ಎರಡನೆಯದು, ಇಂಟರ್ಫೇಸನ್ನು ಚಾಲೂ ಮಾಡುವ ಮುಂಚೆಯೇ ಡಿಎಂಎ ಚಾನೆಲ್, ಗಡಿಯಾರದ ವಿಧ, ಸಮಯದ ಅಂಕಿಗಳನ್ನು ಅದರದೇ ಪುಟ್ಟ ಸಲಕರಣೆಯಿಂದ ತುಂಬಲೇಬೇಕು. ಸೌಂಡ್ ಕಾರ್ಡು ಡಿಎಂಎ 1ನ್ನೂ, ಇಸಿಪಿ ಮೋಡಿನ ಪ್ರಿಂಟರ್ ಪೋರ್ಟು ಹಲವು ಯಂತ್ರಗಳಲ್ಲಿ ಡಿಎಂಎ 3ನ್ನೂ ಹಿಡಿದಿರುತ್ತವೆ.

ಇಂಟರಪ್ಟ್ ಎಣಿಕೆ

ಇಂಟರ್ಫೇಸ್ ಚಾಲೂ ಆದ ಮೇಲೆ ಇಂಟರಪ್ಟ್ಸ್ ಫೈಲನ್ನು ಮತ್ತೆ ಓದಿ. ನಿಮ್ಮ ಐಆರ್‌ಕ್ಯು ಮುಂದಿನ ಸಂಖ್ಯೆ ಬರೆದುಕೊಳ್ಳಿ. ಈಗ ರೇಡಿಯೊದ ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಗದ್ದಲ ಮುಚ್ಚುವ ಗುಂಡಿ) ತೆರೆಯಿರಿ, ಮುಚ್ಚಿ, ಮತ್ತೆ ತೆರೆಯಿರಿ. ಮೋಡೆಮಿನ ಡಿಸಿಡಿ ಗೆರೆ (ಸಂಕೇತ ಬರುತ್ತಿದೆ ಎಂದು ಹೇಳುವ ತಂತಿ) ಏರಿಳಿದಾಗ 8530 ಸ್ಥಿತಿ ಬದಲಾವಣೆಯ ಇಂಟರಪ್ಟ್ ಕೊಡಬೇಕು, ಸಂಖ್ಯೆ ಹೆಚ್ಚಬೇಕು. ಇನ್ನೊಂದು ಸ್ಟೇಷನ್ನು ಬೇಡ, ಗೆಳೆಯರನ್ನು ಎಬ್ಬಿಸುವುದು ಬೇಡ, ಬರೀ ಗದ್ದಲವೇ ಸಾಕು. ಈ ಪರೀಕ್ಷೆಯ ಮುಂದೆ ಉಳಿದದ್ದೆಲ್ಲ ಎರಡನೆಯದು ಎಂದು ನಾನು ಕಲಿಯುವ ಹುಡುಗರಿಗೆಲ್ಲ ಹೇಳುತ್ತೇನೆ. ಸಂಖ್ಯೆ ಸೊನ್ನೆಯಲ್ಲೇ ಕೂತಿದ್ದರೆ ದೋಷ ಕಂಪ್ಯೂಟರಿನಲ್ಲೋ, ಕಾರ್ಡಿನಲ್ಲೋ, ಕಾರ್ಡಿನಿಂದ ಮೋಡೆಮಿಗೆ ಹೋಗುವ ಕೇಬಲ್ಲಿನಲ್ಲೋ, ಮೋಡೆಮಿನಲ್ಲೋ ಇದೆ. ಆಂಟೆನಾ ಮುಟ್ಟುವ ಕೆಲಸವೇ ಇಲ್ಲ.

ಎಸ್‌ಸಿಸಿ ಡ್ರೈವರಿನ ಅಂಕಿಅಂಶ ತೋರಿಸುವ ಸಲಕರಣೆ ಇದನ್ನೇ ಬಿಡಿಸಿ ಕೊಡುತ್ತದೆ: ಸ್ವೀಕಾರದ ಇಂಟರಪ್ಟ್, ಪ್ರಸಾರದ್ದು, ಸ್ಥಿತಿಯದ್ದು, ವಿಶೇಷದ್ದು, ಜೊತೆಗೆ ಬೈಟುಗಳನ್ನು ಹೊತ್ತಿಗೆ ಎತ್ತಿಕೊಳ್ಳದ, ಹೊತ್ತಿಗೆ ಒದಗಿಸದ ಲೆಕ್ಕಗಳಾದ ಓವರ್‌ರನ್ ಮತ್ತು ಅಂಡರ್‌ರನ್. ಓವರ್‌ರನ್ ಒಂದೆರಡು ಇದ್ದರೆ ಬಿಡಿ, ಏರುತ್ತಲೇ ಇದ್ದರೆ ಬಿಡಬೇಡಿ. ಲೆಕ್ಕ ನೋಡಿ (ಬಾಡ್ ಅಂದರೆ ಇಲ್ಲಿ ಸೆಕೆಂಡಿಗೆ ಇಷ್ಟು ಬಿಟ್). 1200 ಬಾಡ್‌ನಲ್ಲಿ ಒಂದು ಬೈಟ್ ಬರಲು ಸುಮಾರು 6.7 ಮಿಲಿಸೆಕೆಂಡ್, 9600ರಲ್ಲಿ 0.83 ಮಿಲಿಸೆಕೆಂಡ್, 56 ಕಿಲೋಬಾಡ್‌ನಲ್ಲಿ 0.14 ಮಾತ್ರ. ಮೂಲ 8530ರ ಸ್ವೀಕಾರದ ಹೊಂಡ (ಬಂದ ಬೈಟು ತಾತ್ಕಾಲಿಕವಾಗಿ ಕೂರುವ ಜಾಗ) ಬರೀ 3 ಬೈಟಿನದು. 56 ಕಿಲೋಬಾಡ್‌ನಲ್ಲಿ ಕಂಪ್ಯೂಟರ್ ಅರ್ಧ ಮಿಲಿಸೆಕೆಂಡೂ ತಡಮಾಡುವಂತಿಲ್ಲ. ಪಿಐ2 ಕಾರ್ಡಿನ ವೇಗದ ಪೋರ್ಟಿಗೆ ಡಿಎಂಎ ಇಟ್ಟದ್ದು ಇದಕ್ಕೇ. 9600ರಲ್ಲೇ ಓವರ್‌ರನ್ ಕಾಣುತ್ತಿದ್ದು, ಅದೂ ಡಿಸ್ಕಿನ ದೀಪ ಮಿಣುಕುವಾಗಲೇ ಹೆಚ್ಚುತ್ತಿದ್ದರೆ, ಹಳೆಯ ಐಡಿಇ ಡ್ರೈವರ್ ಡಿಸ್ಕ್ ಓದುವಾಗ ಇಂಟರಪ್ಟುಗಳನ್ನು ತಡೆಹಿಡಿಯುತ್ತಿದೆ ಎಂದರ್ಥ. ಹಳೆಯ ಕರ್ನಲ್‌ಗಳಲ್ಲಿ ಎಚ್‌ಡಿಪಾರ್ಮ್ ಸಲಕರಣೆಯ 'ಯು 1' ಆಯ್ಕೆಯಿಂದ ಆ ತಡೆ ಬಿಡಿಸಬಹುದು. ಕಾರ್ಡಿನ ಚಿಪ್ ಸಾಕೆಟ್ಟಿನಲ್ಲಿದ್ದರೆ 85230 ಚಿಪ್ ಹಾಕುವುದೂ ಒಳ್ಳೆಯ ಉಪಾಯ, ಅದರ ಸ್ವೀಕಾರದ ಹೊಂಡ 8 ಬೈಟಿನದು.

ಇಂಟರಪ್ಟ್ ಸುರಿಯುತ್ತಿದೆ, ಆದರೆ ಒಂದೂ ಫ್ರೇಮ್ ದಡ ಸೇರುವುದಿಲ್ಲ

ಈಗ ಅನುಮಾನ ಗಡಿಯಾರದ ಮೇಲೆ. ಕಾರ್ಡಿನ ಮೇಲಿನ ಕ್ರಿಸ್ಟಲ್ ಡಬ್ಬಿಯ ಮೇಲೆ ಅಚ್ಚಾದ ಅಂಕಿ ಓದಿ. ಎಸ್‌ಸಿಸಿ ಡ್ರೈವರ್ ತಾನಾಗಿ ಅಂದುಕೊಳ್ಳುವುದು 4.9152 ಮೆಗಾಹರ್ಟ್ಸ್. ನಿಮ್ಮ ಕಾರ್ಡಿನಲ್ಲಿ 3.6864 ಇದ್ದರೆ, ನೀವು 1200 ಎಂದು ಹೇಳಿದ್ದು ನಿಜದಲ್ಲಿ 900 ಬಾಡ್ ಆಗುತ್ತದೆ. ಚಿಪ್ ಬಿಟ್ಟುಗಳನ್ನು ತಪ್ಪು ಜಾಗದಲ್ಲಿ ಕತ್ತರಿಸುತ್ತದೆ, ಸಿಆರ್‌ಸಿ ಪ್ರತಿ ಸಲ ಸೋಲುತ್ತದೆ, ಡ್ರೈವರ್ ಸದ್ದಿಲ್ಲದೆ ಎಲ್ಲವನ್ನೂ ಎಸೆಯುತ್ತದೆ. ಸಂರಚನೆಯ ಫೈಲಿನಲ್ಲಿ ಪಿಕ್ಲಾಕ್ ಸಾಲಿಗೆ ಸರಿಯಾದ ಅಂಕಿ ಬರೆದರೆ ಮುಗಿಯಿತು.

ಗಡಿಯಾರ ಎಲ್ಲಿಂದ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಸಾಮಾನ್ಯ 1200 ಬಾಡ್ ಮೋಡೆಮಿಗೆ ಬರುವ ಬಿಟ್ಟುಗಳಿಂದಲೇ ಗಡಿಯಾರ ತೆಗೆಯುವ, ಚಿಪ್ಪಿನೊಳಗಿನ ಡಿಪಿಎಲ್ಎಲ್ ಸಾಕು. ಮೋಡೆಮೇ ಗಡಿಯಾರ ಕೊಡುವ ಮಾದರಿಯಾದರೆ 'ಎಕ್ಸ್‌ಟರ್ನಲ್' ಎಂದು ಹೇಳಬೇಕು. ಇದು ತಪ್ಪಿದ್ದರೆ ಕಾಣುವ ಲಕ್ಷಣ ಸ್ಪಷ್ಟ: ಕಳಿಸಲು ಹೋದಾಗ ಪಿಟಿಟಿ (ರೇಡಿಯೊವನ್ನು ಪ್ರಸಾರಕ್ಕೆ ತಿರುಗಿಸುವ ಗೆರೆ) ಹತ್ತುತ್ತದೆ, ರೇಡಿಯೊ ಪ್ರಸಾರಕ್ಕೆ ಹೋಗುತ್ತದೆ, ಪ್ರಸಾರದ ಇಂಟರಪ್ಟ್ ಮಾತ್ರ ಒಂದೂ ಏರುವುದಿಲ್ಲ, ಯಾಕೆಂದರೆ ಬಿಟ್ಟುಗಳನ್ನು ಹೊರತಳ್ಳುವ ಗಡಿಯಾರವೇ ಇಲ್ಲ. ಎನ್‌ಆರ್‌ಝಡ್‌ಐ ಮತ್ತು ಎನ್‌ಆರ್‌ಝಡ್ ಎಂಬ, ಬಿಟ್ ಬರೆಯುವ ಎರಡು ರೀತಿಗಳ ಆಯ್ಕೆಯನ್ನೂ ಮೋಡೆಮಿನ ಕಾಗದ ನೋಡಿ ಹೊಂದಿಸಿ. ಅದು ತಪ್ಪಿದರೂ ಸಿಆರ್‌ಸಿ ಹೀಗೇ ಸೋಲುತ್ತದೆ.

ಎಲ್ಲ ಸರಿಯಿದ್ದೂ ಫ್ರೇಮ್ ಬಾರದಿದ್ದರೆ ಕಾರ್ಡಿನ ಬದಿ ಮತ್ತು ರೇಡಿಯೊದ ಬದಿಯನ್ನು ಬೇರ್ಪಡಿಸಬೇಕು. ಮೋಡೆಮಿಗೆ ಹೋಗುವ ಅದೇ ಧ್ವನಿಯನ್ನು ಲ್ಯಾಪ್‌ಟಾಪಿನ ಸೌಂಡ್ ಇನ್‌ಪುಟ್ಟಿಗೂ ಕೊಟ್ಟು ಡೈರ್‌ವುಲ್ಫ್ ಓಡಿಸಿ. ಅದು ಓದುತ್ತದೆ, ಕಾರ್ಡು ಓದುವುದಿಲ್ಲ ಎಂದಾದರೆ ರೇಡಿಯೊ ನಿರಪರಾಧಿ. ಎರಡೂ ಓದದಿದ್ದರೆ ಧ್ವನಿಯೇ ಕೆಟ್ಟಿದೆ.

ಓದಲು ಪ್ಯಾಕೆಟ್ ಎಲ್ಲಿಂದ ತರುವುದು? ನಮ್ಮ ಜಿಲ್ಲೆಗಳಲ್ಲಿ ಗಂಟೆಗಟ್ಟಲೆ ಕಾದರೂ ಹವೆಯಲ್ಲಿ ಪ್ಯಾಕೆಟ್ ಕೇಳದಿರಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇದೆಯಲ್ಲ! ಅದರ ಡಿಜಿಪೀಟರ್ (ಕೇಳಿದ ಪ್ಯಾಕೆಟ್ಟನ್ನು ಮರುಪ್ರಸಾರ ಮಾಡುವ ಯಂತ್ರ) ಚಾಲೂ ಇರುವ ದಿನಗಳಲ್ಲಿ 145.825 ಮೆಗಾಹರ್ಟ್ಸ್‌ನಲ್ಲಿ 1200 ಬಾಡ್ ಎಎಕ್ಸ್.25 ಕೇಳಿಸುತ್ತದೆ. ದಿನಕ್ಕೆ ಹಲವು ಬಾರಿ ನಮ್ಮ ಆಕಾಶ ದಾಟುತ್ತದೆ, ಚೆನ್ನಾಗಿ ಮೇಲೇರಿ ಹೋದರೆ ಸುಮಾರು 10 ನಿಮಿಷ ಸಿಗುತ್ತದೆ. ಬರುವಾಗ ಆವರ್ತನ ಸುಮಾರು 3 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಸರಿದಿರುತ್ತದೆ. ಎಫ್‌ಎಂ ರಿಸೀವರಿಗೆ ಅದು ದೊಡ್ಡ ಅಡ್ಡಿಯಲ್ಲ. ರಾಯಚೂರಿನ ಮಾಳಿಗೆಯ ಮೇಲೆ ನಿಂತು, ನಮ್ಮದೇ ಕಾರ್ಡಿನಲ್ಲಿ ಬಾಹ್ಯಾಕಾಶದಿಂದ ಬಂದ ಒಂದು ಸಾಲು ಮೂಡುವುದನ್ನು ನೋಡಿದ ವಿದ್ಯಾರ್ಥಿ ಮುಂದೆ ಈ ಹವ್ಯಾಸ ಬಿಡುವುದು ಕಷ್ಟ. ಕೇಳುವುದರ ಮಾತಾಯಿತು, ಪ್ರಸಾರ ಮಾಡಲು ಪರವಾನಗಿ ಇರಲೇಬೇಕು, ಮತ್ತು ಮುಂದಿನ ಪರೀಕ್ಷೆಗಳನ್ನೆಲ್ಲ ಆಂಟೆನಾ ಬದಲು ಹಾಕುವ, ಶಕ್ತಿಯನ್ನು ಬಿಸಿಯಾಗಿ ಕರಗಿಸುವ ಡಮ್ಮಿ ಲೋಡಿನ ಮೇಲೇ ಮಾಡಬೇಕು.

ಕೇಳುತ್ತದೆ, ಆದರೆ ಕಳಿಸುವುದಿಲ್ಲ

ಡಿಸಿಡಿ ದೀಪ ನೋಡಿ. ಸದಾ ಹತ್ತಿಕೊಂಡೇ ಇದ್ದರೆ, ಚಾನೆಲ್ ಯಾರೋ ಬಳಸುತ್ತಿದ್ದಾರೆ ಎಂದು ನಂಬಿ ಕಾರ್ಡು ಸರದಿಗಾಗಿ ಕಾಯುತ್ತಲೇ ಇರುತ್ತದೆ. ಬಳ್ಳಾರಿಯ ಕೌಲ್‌ಬಜಾರಿನ ಜೀನ್ಸ್ ಹೊಲಿಗೆ ಮೋಟಾರುಗಳು, ಅಗ್ಗದ ಎಲ್‌ಇಡಿ ಬಲ್ಬು, ಮನೆಯ ಇನ್ವರ್ಟರು, ಇವುಗಳ ಗದ್ದಲವೇ ಸ್ಕ್ವೆಲ್ಚ್ ತೆರೆಸಲು ಸಾಕು. ಹಗಲು ಕಳಿಸದ ಕಾರ್ಡು ರಾತ್ರಿ 11ರ ಮೇಲೆ ಸಲೀಸಾಗಿ ಕಳಿಸುತ್ತದೆ ಎಂದರೆ ಕಾರಣ ಇದೇ ಎಂದು ತಿಳಿಯಿರಿ. ಸ್ಕ್ವೆಲ್ಚ್ ಸ್ವಲ್ಪ ಬಿಗಿ ಮಾಡಿ. ಸಾಲದಿದ್ದರೆ ಎಸ್‌ಸಿಸಿ ಡ್ರೈವರಿನಲ್ಲಿ ಸಾಫ್ಟ್‌ಡಿಸಿಡಿ ಎಂಬ ಆಯ್ಕೆ ಇದೆ. ಆಗ ಡ್ರೈವರ್ ಮೋಡೆಮಿನ ಗೆರೆಯನ್ನು ಬಿಟ್ಟು ಬರುವ ಬಿಟ್ಟುಗಳನ್ನೇ ನೋಡಿ ತೀರ್ಮಾನಿಸುತ್ತದೆ.

ಪಿಟಿಟಿ ಹತ್ತುತ್ತದೆ, ಎದುರಿನವರಿಗೆ ಏನೂ ಓದಲು ಬರುವುದಿಲ್ಲ ಎಂದರೆ ಎರಡು ಕಾರಣ. ಮೊದಲನೆಯದು ಟಿಎಕ್ಸ್‌ಡಿಲೇ ಕಡಿಮೆಯಾದದ್ದು. ಪಿಟಿಟಿ ಒತ್ತಿದ ಕ್ಷಣದಿಂದ ರೇಡಿಯೊ ಪೂರ್ತಿ ಶಕ್ತಿಗೆ ಬರುವಷ್ಟು ಹೊತ್ತು ಕಾರ್ಡು ಬರೀ ಫ್ಲ್ಯಾಗ್ ಕಳಿಸಬೇಕು. ಇದರ ಅಳತೆ 10 ಮಿಲಿಸೆಕೆಂಡಿನ ಲೆಕ್ಕದಲ್ಲಿ, ಅಂದರೆ 50 ಎಂದು ಬರೆದರೆ ಅರ್ಧ ಸೆಕೆಂಡು. ಹಳೆಯ ರೇಡಿಯೊಗಳಿಗೆ ಅಲ್ಲಿಂದ ಶುರುಮಾಡಿ, ಕೆಲಸ ಕೆಡುವವರೆಗೆ ಇಳಿಸುತ್ತಾ ಹೋಗಿ, ಕೆಟ್ಟ ಜಾಗದಿಂದ ಸ್ವಲ್ಪ ಮೇಲೆ ನಿಲ್ಲಿಸಿ. ಎರಡನೆಯದು ಧ್ವನಿಮಟ್ಟ. 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರ ಜೋರಾಗಿದ್ದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಡೀವಿಯೇಷನ್ (ಧ್ವನಿಗೆ ತಕ್ಕಂತೆ ಆವರ್ತನ ಸರಿಯುವ ಅಳತೆ) 3 ಕಿಲೋಹರ್ಟ್ಸ್ ಆಸುಪಾಸು ಇದ್ದರೆ ಸಾಕು, ಜಾಸ್ತಿಯಾದರೆ ಲಿಮಿಟರಿನಲ್ಲಿ ತಲೆ ಕತ್ತರಿಸಿಹೋಗುತ್ತದೆ. ಇನ್ನೊಂದು ರೇಡಿಯೊದಲ್ಲಿ ಕೇಳುತ್ತಾ ಪ್ರೀಸೆಟ್ ತಿರುಗಿಸಿ. ಸದ್ದು ಏರುವುದು ನಿಂತ ಜಾಗದಿಂದ ಸಾಕಷ್ಟು ಹಿಂದಕ್ಕೆ ತನ್ನಿ.

9600 ಬಾಡ್‌ಗೆ ಸ್ಪೀಕರ್ ಮತ್ತು ಮೈಕಿನ ದಾರಿ ನಡೆಯುವುದಿಲ್ಲ, ರೇಡಿಯೊದ ಹಿಂದಿನ 6 ಪಿನ್ನಿನ ಡೇಟಾ ಸಾಕೆಟ್ ಬೇಕು. ಅದರಲ್ಲಿ 1ನೇ ಪಿನ್ ಡೇಟಾ ಒಳಕ್ಕೆ, 2 ಗ್ರೌಂಡ್, 3 ಪಿಟಿಟಿ, 4 ಡೇಟಾ ಹೊರಕ್ಕೆ 9600ಕ್ಕೆ, 5 ಡೇಟಾ ಹೊರಕ್ಕೆ 1200ಕ್ಕೆ, 6 ಸ್ಕ್ವೆಲ್ಚ್. 4 ಮತ್ತು 5 ಅದಲುಬದಲಾದ ಕೇಬಲ್ಲುಗಳು ಸಾಕಷ್ಟಿವೆ.

ಅರ್ತಿಂಗ್

ಡಮ್ಮಿ ಲೋಡಿನ ಮೇಲೆ ಎಲ್ಲ ಸರಿ, ಆಂಟೆನಾ ಸಿಕ್ಕಿಸಿದ ಕೂಡಲೇ ಪಿಟಿಟಿ ಹಿಡಿದುಕೊಂಡು ಬಿಡುವುದೇ ಇಲ್ಲ ಅಥವಾ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ ಎಂದರೆ ಪ್ರಸಾರದ ಶಕ್ತಿ ಕೇಬಲ್ ಹಿಡಿದು ಕಾರ್ಡಿನೊಳಗೆ ನುಗ್ಗುತ್ತಿದೆ. ಕಾರ್ಡಿನಿಂದ ರೇಡಿಯೊಗೆ ಹೋಗುವ ಕೇಬಲ್ಲಿನ ಎರಡೂ ತುದಿಗೆ ಫೆರೈಟ್ ಉಂಗುರ ಹಾಕಿ, ಕೇಬಲ್ಲನ್ನು ಅದರೊಳಗೆ ಕೆಲವು ಸುತ್ತು ಸುತ್ತಿ. ಧ್ವನಿಯಲ್ಲಿ 50 ಹರ್ಟ್ಸ್‌ನ ಗುಂಯ್ ಸದ್ದು ಕೇಳಿದರೆ ಅದು ಬೇರೆ ರೋಗ: ಕಂಪ್ಯೂಟರಿನ ಅರ್ತ್ ಒಂದು, ರೇಡಿಯೊದ ಅರ್ತ್ ಇನ್ನೊಂದು ಇದ್ದಾಗ ಆಗುವಂಥದ್ದು. ಎರಡನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಒಂದೇ ಬಿಂದುವಿಗೆ ಕಟ್ಟಿ.

ಆ ಬಿಂದು ನಿಜವಾಗಿ ನೆಲಕ್ಕೆ ಮುಟ್ಟಿದೆಯೇ ಎಂಬುದನ್ನೂ ನೋಡಬೇಕು. ರಾಯಚೂರು, ಸಿರುಗುಪ್ಪ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಒಳ್ಳೆಯ ಅರ್ತ್ ಕೊಡುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿದು ರಾಡಿನ ಸಂಪರ್ಕವನ್ನೇ ಬಿಟ್ಟುಬಿಡುತ್ತದೆ. ಮಸಾರಿ ನೆಲವಾದರೆ ನೀರು ನಿಲ್ಲುವುದಿಲ್ಲ. ಬಳ್ಳಾರಿ, ಕೊಪ್ಪಳದ ಬಂಡೆಯ ಮೇಲಿನ ಮನೆಗಳಲ್ಲಿ ರಾಡು ಆಳಕ್ಕೆ ಇಳಿಯುವುದೇ ಇಲ್ಲ. ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿ ಮಾಡಿ, ಫೆಬ್ರವರಿಯಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆಯಾದರೂ ನೀರು ಹಾಕಿ.

ಇಷ್ಟಾದರೂ ಗುಂಯ್ ಸದ್ದೋ, ಪಿಟಿಟಿ ಹಿಡಿತವೋ ಉಳಿದರೆ ಕಾರ್ಡು ಮತ್ತು ರೇಡಿಯೊದ ನಡುವಿನ ತಂತಿಯ ಸಂಬಂಧವನ್ನೇ ಕಡಿದುಬಿಡಿ. ಧ್ವನಿಯ ಎರಡೂ ದಾರಿಗೆ 600 ಓಮ್‌ಗೆ 600 ಓಮ್‌ನ ಒಂದೊಂದು ಟ್ರಾನ್ಸ್‌ಫಾರ್ಮರ್, ಪಿಟಿಟಿಗೆ ಬೆಳಕಿನಿಂದ ಸಂಕೇತ ದಾಟಿಸುವ ಒಂದು ಆಪ್ಟೋಕಪ್ಲರ್. 9600ರ ದಾರಿಗೆ ಮಾತ್ರ ಈ ಟ್ರಾನ್ಸ್‌ಫಾರ್ಮರ್ ಹಾಕಬೇಡಿ, ಅದರ ಕೆಳಗಿನ ಆವರ್ತನಗಳನ್ನು ಇದು ನುಂಗುತ್ತದೆ. ಅಲ್ಲಿ ಚಿಕ್ಕ ಕೇಬಲ್, ಒಂದೇ ಅರ್ತ್ ಬಿಂದು ಮತ್ತು ಫೆರೈಟ್ ಮೂರರಿಂದಲೇ ಸರಿಪಡಿಸಿಕೊಳ್ಳಬೇಕು.